ಮೊಲ ಬಾಯಿ ಬಿಡುವ ಮೊದಲು

ಮೊಲ ಬಾಯಿ ಬಿಟ್ಟು ಉಸಿರಾಡುವುದನ್ನು ನೋಡಿದ್ದೀರಾ? ನೋಡಿಲ್ಲ ಅಂದರೆ ಒಳ್ಳೆಯದೇ ಆಯಿತು. ನಾಯಿ ದಿನವಿಡೀ ನಾಲಗೆ ಹೊರಗೆ ಹಾಕಿ ಏದುಸಿರು ಬಿಡುತ್ತಾ ಕೂತಿರುತ್ತದೆ. ಅದು ಅದರ ಸ್ವಭಾವ, ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಮೊಲ ಹಾಗಲ್ಲ. ಅದು ತಲೆ ಮೇಲೆತ್ತಿ ಬಾಯಿ ತೆರೆಯಿತು ಅಂದರೆ ಆಗಲೇ ತುಂಬ ತಡವಾಗಿದೆ ಅಂತ ಅರ್ಥ. ನಾಳೆ ಬೆಳಿಗ್ಗೆ ನೋಡುವ ಅನ್ನುವ ಮಾತೇ ಇಲ್ಲ, ಆ ಕ್ಷಣವೇ ಗಾಡಿ ಹೊರಡಿಸಬೇಕು.

ಕಾರಣ ಅದರ ಗಂಟಲಲ್ಲಿದೆ. ಶ್ವಾಸನಾಳದ ಬಾಯಿಗೆ ಇರುವ ಮುಚ್ಚಳದಂಥ ಭಾಗ ಮೊಲದಲ್ಲಿ ಅಂಗುಳಿನ ಹಿಂತುದಿಯ ಮೇಲೆ ಹತ್ತಿ ಕೂತಿರುತ್ತದೆ. ಹಾಗಾಗಿ ಮೂಗಿನಿಂದ ಬಂದ ಗಾಳಿ ಸೀದಾ ಶ್ವಾಸಕೋಶಕ್ಕೆ ಹೋಗುತ್ತದೆ. ಬಾಯಿಗೆ ಆ ದಾರಿಯಲ್ಲಿ ಪಾಲಿಲ್ಲ. ಇದರಿಂದ ಅದಕ್ಕೆ ಲಾಭವೂ ಉಂಟು. ಹುಲ್ಲು ಜಗಿಯುತ್ತಿರುವಾಗಲೇ ಗಾಳಿಯಲ್ಲಿ ನರಿಯ ವಾಸನೆ ಬಂದರೆ ಗೊತ್ತಾಗುತ್ತದೆ. ಆದರೆ ಮೂಗು ಕಟ್ಟಿತು ಅಂತಾದರೆ ಕಥೆ ಬೇರೆ. ನಮಗೆ ಶೀತವಾದರೆ ಬಾಯಲ್ಲಿ ಉಸಿರಾಡುತ್ತಾ, ಕಷಾಯ ಕುಡಿದು, ರಾತ್ರಿಯಿಡೀ ಗೊರಕೆ ಹೊಡೆದು ಹೇಗೋ ಕಳೆಯುತ್ತೇವೆ. ಮೊಲಕ್ಕೆ ಹಾಗೆ ಕಳೆಯಲು ಆಗುವುದಿಲ್ಲ. ಉಸಿರಾಡುವುದೋ ತಿನ್ನುವುದೋ ಅನ್ನುವ ಸ್ಥಿತಿ ಬರುತ್ತದೆ. ಆಗ ಅದು ತಿನ್ನುವುದನ್ನು ಬಿಡುತ್ತದೆ. ತಿನ್ನುವುದು ಬಿಟ್ಟರೆ ಅರ್ಧ ದಿನದೊಳಗೆ ಹೊಟ್ಟೆಯ ಕೆಲಸವೇ ನಿಲ್ಲತೊಡಗುತ್ತದೆ, ಗ್ಯಾಸ್ ತುಂಬುತ್ತದೆ. ಉಬ್ಬಿದ ಹೊಟ್ಟೆ ಮೇಲಿನ ಎದೆಯನ್ನು ಒತ್ತುತ್ತದೆ. ಮೊದಲೇ ಮೊಲದ ಎದೆಗೂಡು ಅದರ ಹೊಟ್ಟೆಗೆ ಹೋಲಿಸಿದರೆ ತೀರಾ ಚಿಕ್ಕದು.

ನಮ್ಮದು ಕಾಸರಗೋಡಿನ ಒಳಭಾಗ, ಬದಿಯಡ್ಕದ ಕಡೆ. ಅಡಿಕೆ ತೋಟ, ಗುಡ್ಡ, ಮುರಕಲ್ಲಿನ ಮನೆ. ಹಟ್ಟಿಯಲ್ಲಿ ಎರಡು ದನ, ಅದರಲ್ಲೊಂದು ಕಾಸರಗೋಡು ಗಿಡ್ಡ ತಳಿಯದ್ದು. ಮಗಳ ಹಟಕ್ಕೆ ಬಂದ ಮೊಲಗಳು ಎರಡು. ಬಿಳಿಯದ್ದಕ್ಕೆ ಕೂಸಕ್ಕ ಅಂತ ಹೆಸರು, ಕಂದು ಬಣ್ಣದ್ದು ಪುಟ್ಟಣ್ಣ. ಕೇರಳದಲ್ಲಿ ಮಾಂಸಕ್ಕಾಗಿ ಮೊಲ ಸಾಕುವುದು ಹೊಸದೇನಲ್ಲ. ನ್ಯೂಜಿಲೆಂಡ್ ವೈಟ್, ಸೋವಿಯತ್ ಚಿಂಚಿಲ್ಲಾ ಅಂತೆಲ್ಲ ತಳಿಗಳ ಹೆಸರು ಇಲ್ಲಿಯ ಕೃಷಿಕರಿಗೆ ಗೊತ್ತು. ನಮ್ಮಂಥ ಸಸ್ಯಾಹಾರಿ ಮನೆಯಲ್ಲಿ ಮೊಲ ಅಂದರೆ ನೆಂಟರು ನಗುತ್ತಾರೆ, ಅಷ್ಟೆ. ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಗುಡ್ಡೆಯಲ್ಲಿ ಮುಳಿಹುಲ್ಲು ಕೊಯ್ಯುವಾಗ ಸಿಗುವ ಕಾಡುಮೊಲದ ಮರಿ ಬೇರೆ ಜಾತಿಯದ್ದು. ಅದನ್ನು ಮನೆಗೆ ತಂದು ಸಾಕುವುದು 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅಪರಾಧ. ಸಿಕ್ಕಿದರೆ ಅಲ್ಲೇ ಬಿಟ್ಟುಬರಬೇಕು. ತಾಯಿ ಹತ್ತಿರದಲ್ಲೇ ಎಲ್ಲೋ ಇರುತ್ತದೆ.

ಸಾಕುಮೊಲದ ಮೂಲ ಊರು ಸ್ಪೇನ್, ಪೋರ್ಚುಗಲ್ ಕಡೆ. ಒಣ ಹವೆ, ನೆಲದೊಳಗೆ ತಂಪು ಬಿಲ. ಅದನ್ನು ತಂದು ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗಿಂತ ಜಾಸ್ತಿ ಮಳೆ ಸುರಿಯುವ, ಏಪ್ರಿಲ್ ತಿಂಗಳಲ್ಲಿ ಬೆವರು ಆರದ ನಮ್ಮ ಊರಲ್ಲಿ ಕೂರಿಸಿದ್ದೇವೆ. ಅದು ಕಂಪ್ಲೇಂಟ್ ಮಾಡುವುದಿಲ್ಲ. ಅದೇ ಸಮಸ್ಯೆ.

ದನಕ್ಕೆ ಸೌಖ್ಯ ಇಲ್ಲದಿದ್ದರೆ ಹಾಲು ಕಡಿಮೆಯಾಗುತ್ತದೆ, ಸೊಸೈಟಿಯ ಪುಸ್ತಕದಲ್ಲೇ ಗೊತ್ತಾಗುತ್ತದೆ. ನಾಯಿ ಮೂಲೆ ಹಿಡಿದು ಮಲಗುತ್ತದೆ. ಬೇರೆಯವರ ಬಾಯಿಗೆ ಆಹಾರವಾಗುವ ಪ್ರಾಣಿ ತನಗೆ ಹುಷಾರಿಲ್ಲ ಅಂತ ತೋರಿಸಿಕೊಂಡರೆ ಉಳಿಯುತ್ತದಾ? ಮೊಲ ಎಲ್ಲವನ್ನೂ ನುಂಗಿಕೊಂಡು ಕೂರುತ್ತದೆ. ಹಾಗಾಗಿ ಕಾಯಿಲೆ ಬಂದ ಮೇಲೆ ಲಕ್ಷಣ ಹುಡುಕುತ್ತಾ ಹೋಗುವವರಿಗೆ ಏನೂ ಸಿಗುವುದಿಲ್ಲ. ಅದು ಆರಾಮಾಗಿರುವಾಗ ಹೇಗಿರುತ್ತದೆ ಅಂತ ಮೊದಲೇ ನೋಡಿಟ್ಟುಕೊಂಡಿರಬೇಕು. ನಾನು ಈ ಬರಹದಲ್ಲಿ ಹೇಳಬೇಕೆಂದಿರುವುದು ಹೆಚ್ಚುಕಮ್ಮಿ ಇದೊಂದನ್ನೇ.

ನೋಡುವುದು ಅಂದರೆ ಎಲ್ಲಿ ನೋಡುವುದು? ಎಲ್ಲರ ಕಣ್ಣು ಮೊದಲು ಹೋಗುವುದು ಮೂಗಿಗೆ. ಅದು ಯಾವಾಗಲೂ ಅಲುಗುತ್ತಿರುತ್ತದೆ. ಆದರೆ ಆ ಅಲುಗಾಟ ಉಸಿರಿನ ಲೆಕ್ಕ ಅಲ್ಲ. ಕುತೂಹಲ ಜಾಸ್ತಿಯಾದರೆ ಮೂಗು ಜೋರಾಗಿ ಕುಣಿಯುತ್ತದೆ, ಮೈ ಸಡಿಲ ಬಿಟ್ಟು ನಿದ್ದೆ ಹೋದರೆ ಪೂರ್ತಿ ನಿಲ್ಲುತ್ತದೆ. ಮೊದಲ ಸಲ ಪುಟ್ಟಣ್ಣನ ಮೂಗು ನಿಂತದ್ದನ್ನು ನೋಡಿ ಮಗಳು ಅಳುತ್ತಾ ಅಡಿಗೆಮನೆಗೆ ಓಡಿಬಂದಿದ್ದಳು. ಅವನು ಸುಮ್ನೆ ಕಣ್ಣು ತೆರೆದೇ ನಿದ್ದೆ ಮಾಡುತ್ತಿದ್ದ.

ಉಸಿರು ಎಣಿಸಬೇಕಾದ್ದು ಪಕ್ಕೆಯಲ್ಲಿ. ಕೊನೆಯ ಪಕ್ಕೆಲುಬಿನ ಹಿಂದೆ, ಹೊಟ್ಟೆ ಶುರುವಾಗುವ ಜಾಗದಲ್ಲಿ ರೋಮ ಮೆಲ್ಲಗೆ ಏರಿ ಇಳಿಯುವುದು ಕಾಣುತ್ತದೆ. ಮೊಲ ಎದೆ ಉಬ್ಬಿಸಿ ಉಸಿರಾಡುವ ಪ್ರಾಣಿ ಅಲ್ಲ, ಎದೆ ಹೊಟ್ಟೆಯ ನಡುವಿನ ವಪೆಯಿಂದಲೇ ಅದರ ಹೆಚ್ಚಿನ ಕೆಲಸ ಆಗುತ್ತದೆ. ಬೆಳಕು ಅಡ್ಡದಿಂದ ಬೀಳುವ ಹಾಗೆ ಕೂತರೆ ಸುಲಭ. ನಮ್ಮಲ್ಲಿ ಬೆಳಿಗ್ಗೆ ಜಗಲಿಯ ಕಂಬದ ಸಂದಿನಿಂದ ಬಿಸಿಲು ಬೀಳುವಾಗ ಕೂಸಕ್ಕನ ಬಿಳಿ ಪಕ್ಕೆಯ ಮೇಲೆ ನೆರಳಿನ ಒಂದು ಗೆರೆ ಬರುತ್ತದೆ. ಆ ಗೆರೆ ದಪ್ಪಗಾಗಿ ತೆಳ್ಳಗಾದರೆ ಒಂದು ಉಸಿರು. ಹದಿನೈದು ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸುವುದು. ಮುಟ್ಟಬಾರದು, ಎತ್ತಬಾರದು, ಕರೆಯಲೂಬಾರದು. ಕೈಯಲ್ಲಿ ಎತ್ತಿಕೊಂಡ ಮೊಲದ ಉಸಿರು ಎಣಿಸಿದರೆ ಅದರ ಹೆದರಿಕೆಯನ್ನು ಎಣಿಸಿದ ಹಾಗೆ.

ವಿಶ್ರಾಂತಿಯಲ್ಲಿರುವ ದೊಡ್ಡ ಮೊಲಕ್ಕೆ ನಿಮಿಷಕ್ಕೆ 30ರಿಂದ 60 ಉಸಿರು ಸರಿ. ಇದು ಪುಸ್ತಕದ ಲೆಕ್ಕ. 30ಕ್ಕೂ 60ಕ್ಕೂ ನಡುವೆ ಎಷ್ಟು ಅಂತರ ಅಲ್ವಾ? ಒಂದು ಮೊಲಕ್ಕೆ ಸಹಜವಾದ್ದು ಇನ್ನೊಂದಕ್ಕೆ ಕಾಯಿಲೆಯ ಗುರುತಾಗಬಹುದು. ಹಾಗಾಗಿ ನಮ್ಮನಮ್ಮ ಮೊಲದ ಲೆಕ್ಕ ನಮ್ಮ ಹತ್ತಿರವೇ ಇರಬೇಕು. ಹಾಲಿನ ಲೀಟರು ಬರೆಯುವ ಕ್ಯಾಲೆಂಡರಿನ ಅದೇ ಚೌಕದ ಮೂಲೆಯಲ್ಲಿ ಮಗಳು ಆಗೀಗ ಈ ಸಂಖ್ಯೆಯನ್ನೂ ಬರೆಯುತ್ತಾಳೆ. ಕೂಸಕ್ಕ ಮಳೆಗಾಲದ ರಾತ್ರಿ 40ರ ಆಸುಪಾಸು, ಬೇಸಿಗೆಯ ಮಧ್ಯಾಹ್ನ 55 ದಾಟುತ್ತಾಳೆ. ಪುಟ್ಟಣ್ಣ ಯಾವಾಗಲೂ ಸ್ವಲ್ಪ ನಿಧಾನ. ತಿಂಗಳ ಕೊನೆಗೆ ಹಾಲಿನ ಲೆಕ್ಕ ಮಾಡುವಾಗ ನನ್ನ ಗಂಡ ಒಮ್ಮೆ ಮೊಲದ ಉಸಿರನ್ನೂ ಲೀಟರಿಗೆ ಸೇರಿಸಿ, ಸೊಸೈಟಿಯವರ ಹತ್ತಿರ ಜಗಳಕ್ಕೆ ಹೊರಟಿದ್ದರು.

ಸಂಖ್ಯೆಯಷ್ಟೇ ಮುಖ್ಯವಾದ್ದು ಉಸಿರಿನ ರೀತಿ. ಆರಾಮಾಗಿದ್ದರೆ ಪಕ್ಕೆ ಮಾತ್ರ ಅಲುಗುತ್ತದೆ, ತಲೆ ಅಲುಗುವುದಿಲ್ಲ. ಪ್ರತಿ ಉಸಿರಿಗೂ ತಲೆ ಮೇಲೆ ಕೆಳಗೆ ಆಡುತ್ತಿದೆ, ಮೂಗಿನ ಹೊಳ್ಳೆ ಅಗಲವಾಗುತ್ತಿದೆ, ಹೊಟ್ಟೆ ಒಳಗೆಳೆದುಕೊಂಡು ಜಗ್ಗುತ್ತಿದೆ ಅಂದರೆ ಅದು ಉಸಿರಿಗಾಗಿ ದುಡಿಯುತ್ತಿದೆ ಅಂತ. ಇನ್ನೂ ಮುಂದೆ ಹೋದರೆ ಮೊಣಕೈಗಳನ್ನು ಅಗಲ ಮಾಡಿ, ಕತ್ತು ಚಾಚಿ, ಮೂಗನ್ನು ಆಕಾಶಕ್ಕೆ ಎತ್ತಿ ಕೂರುತ್ತದೆ. ಮಲಗುವುದಿಲ್ಲ. ಮಲಗಿದರೆ ಗಾಳಿ ಸಾಲುವುದಿಲ್ಲ. ಕಾಲು ಚಾಚಿ ಅಡ್ಡ ಬೀಳುವ ಅಭ್ಯಾಸ ಇದ್ದ ಮೊಲ ದಿನವಿಡೀ ಕೂತೇ ಇದೆ ಅಂದರೆ ನನಗೆ ಆ ಒಂದು ಗುರುತೇ ಸಾಕು. ತುಟಿ, ಒಸಡು ನೀಲಿ ಬಣ್ಣಕ್ಕೆ ತಿರುಗಿದರಂತೂ ಉಳಿದಿರುವುದು ನಿಮಿಷಗಳ ಲೆಕ್ಕ.

ಸದ್ದಿನ ಬಗ್ಗೆ ಒಂದು ತಪ್ಪು ತಿಳುವಳಿಕೆ ತುಂಬ ಜನಕ್ಕೆ ಉಂಟು. ಗೊರ ಗೊರ ಅನ್ನುತ್ತಿದೆ, ಎದೆಯಲ್ಲಿ ಕಫ ಕಟ್ಟಿದೆ ಅಂತಾರೆ. ಗೊರ ಗೊರ, ಸುಯ್ ಸುಯ್ ಎಲ್ಲ ಹೆಚ್ಚಾಗಿ ಮೂಗು, ಗಂಟಲಿನ ಸದ್ದು. ಶ್ವಾಸಕೋಶವೇ ಕೆಟ್ಟಿದ್ದರೆ ಎಷ್ಟೋ ಸಲ ಯಾವ ಸದ್ದೂ ಇರುವುದಿಲ್ಲ. ಉಸಿರು ಬೇಗಬೇಗ, ಚಿಕ್ಕಚಿಕ್ಕದಾಗಿ ಆಗುತ್ತಿರುತ್ತದೆ, ಅಷ್ಟೆ. ಸದ್ದಿಲ್ಲ ಅಂತ ಸಮಾಧಾನ ಪಟ್ಟುಕೊಳ್ಳುವ ಹಾಗಿಲ್ಲ. ಹಾಗೇ ತಲೆ ಸವರುವಾಗ ಮೆತ್ತಗೆ ಹಲ್ಲು ಕಟಕಟ ಮಾಡಿದರೆ ಅದು ಖುಷಿ. ಒಬ್ಬಂಟಿಯಾಗಿ ಮುದುಡಿ ಕೂತು ಜೋರಾಗಿ ಹಲ್ಲು ಕಡಿದರೆ ನೋವು.

ಕೂಸಕ್ಕನ ಕಾಯಿಲೆ ಶುರುವಾದದ್ದು ಉಸಿರಿನಿಂದ ಅಲ್ಲ, ಕೈಯಿಂದ. ಕಂಡುಹಿಡಿದದ್ದು ನಾನಲ್ಲ, ನನ್ನ ಅತ್ತೆ. ಅವರು ಮೊಲ ಸಾಕುವುದನ್ನು ಮೊದಲಿಂದ ಇಷ್ಟಪಟ್ಟವರೇ ಅಲ್ಲ. ಆದರೆ ಸಂಜೆ ಜಗಲಿಯಲ್ಲಿ ಗರಿಕೆ ಹಿಡಿದು ಕೂರುವವರು ಅವರೇ.

"ಇದಾ, ಇದರ ಕೈ ನೋಡು. ಎಂತದೋ ಅಂಟಿಸಿಕೊಂಡಿದೆ" ಅಂದರು.

ಮುಂಗಾಲಿನ ಒಳಬದಿ, ಹೆಬ್ಬೆರಳಿನಿಂದ ಒಂದಿಂಚು ಮೇಲಿನವರೆಗೆ, ರೋಮ ಗಂಟು ಗಂಟಾಗಿ ಒಣಗಿತ್ತು. ಉಳಿದ ಮೈ ಹತ್ತಿ ಬಿಡಿಸಿದ ಹಾಗೆ ಬೆಳ್ಳಗೆ. ಅಲ್ಲಿ ಮಾತ್ರ ಹಳದಿ ಛಾಯೆ, ಗಂಜಿ ಹಾಕಿದಂತೆ ಗಟ್ಟಿ. ಬೆರಳಲ್ಲಿ ಉಜ್ಜಿದರೆ ಹುಡಿಯಾಗಿ ಉದುರುತ್ತಿತ್ತು. ಮೂಗು ನೋಡಿದರೆ ಸ್ವಚ್ಛ. ಯಾಕೆ ಸ್ವಚ್ಛ ಅಂದರೆ ಮೊಲ ಕರವಸ್ತ್ರ ಇಟ್ಟುಕೊಳ್ಳುವುದಿಲ್ಲ, ಮುಂಗಾಲಲ್ಲೇ ಮೂಗು ಒರೆಸುತ್ತದೆ. ನಾವು ಮೂಗು ನೋಡಿ ಏನೂ ಇಲ್ಲ ಅನ್ನುತ್ತೇವೆ. ಸಾಕ್ಷಿ ಕೈಯಲ್ಲಿರುತ್ತದೆ.

ಹುಲ್ಲಿನ ಹುಡಿ ಹೋಗಿ ಒಂದೆರಡು ಸಲ ಸೀನಿದರೆ ಚಿಂತೆ ಬೇಡ. ನೀರು ಕುಡಿಯುವಾಗ ಮೂಗಿಗೆ ಹೋದರೂ ಸೀನುತ್ತದೆ. ಸೀನು ದಿನವೂ ಬರುತ್ತಿದೆ, ಮೂಗಿಂದ ಬರುವ ನೀರು ಬಿಳಿ ಅಥವಾ ಹಳದಿಯಾಗಿದೆ, ದಪ್ಪವಾಗಿದೆ, ಕಣ್ಣಿನ ಮೂಲೆ ಒದ್ದೆಯಾಗಿದೆ ಅಂದರೆ ಬೇರೆಯದ್ದೇ. ಇದಕ್ಕೆ ಹೆಚ್ಚಾಗಿ ಕಾರಣ ಪಾಶ್ಚುರೆಲ್ಲಾ ಮಲ್ಟೊಸಿಡಾ ಅನ್ನುವ ಬ್ಯಾಕ್ಟೀರಿಯಾ. ಬಾರ್ಡೆಟೆಲ್ಲಾ, ಸ್ಟ್ಯಾಫಿಲೊಕಾಕಸ್ ಕೂಡ ಇರಬಹುದು. ವಿಚಿತ್ರ ಏನೆಂದರೆ ಚೆನ್ನಾಗಿರುವ ಎಷ್ಟೋ ಮೊಲಗಳ ಮೂಗಲ್ಲೂ ಪಾಶ್ಚುರೆಲ್ಲಾ ಸುಮ್ಮನೆ ಮನೆ ಮಾಡಿಕೊಂಡಿರುತ್ತದೆ. ಮೈ ಸೋತಾಗ, ಗಾಳಿ ಕೆಟ್ಟಾಗ, ಹೆದರಿಕೆ ಜಾಸ್ತಿಯಾದಾಗ ಏಳುತ್ತದೆ. ಒಮ್ಮೆ ಎದ್ದರೆ ಪೂರ್ತಿ ಓಡಿಸುವುದು ಕಷ್ಟ. ಮೂಗಿನೊಳಗಿನ ಸುರುಳಿ ಎಲುಬುಗಳ ಸಂದಿಯಲ್ಲಿ, ಕಣ್ಣೀರಿನ ನಾಳದಲ್ಲಿ, ಕೆಲವೊಮ್ಮೆ ಕಿವಿಯ ಒಳಗೆ ಸೇರಿಕೊಳ್ಳುತ್ತದೆ.

ಗಾಳಿ ಕೆಡುವುದು ಅಂದೆ. ಇದರ ಬಗ್ಗೆ ಸ್ವಲ್ಪ ಉದ್ದ ಬರೆಯಬೇಕು, ಯಾಕೆಂದರೆ ನಮ್ಮ ಊರಿನ ಮನೆಗಳಲ್ಲಿ ಇದೇ ದೊಡ್ಡ ಸಂಗತಿ. ಮೊಲದ ಮೂತ್ರ ಕೊಳೆತರೆ ಅಮೋನಿಯಾ ಬರುತ್ತದೆ. ಆ ಗಾಳಿ ಮೂಗಿನೊಳಗೆ ಕೊಳೆ ತಡೆಯುವ ಸೂಕ್ಷ್ಮ ಎಳೆಗಳನ್ನು ಹಾಳು ಮಾಡುತ್ತದೆ. ಅಲ್ಲಿಂದ ಬ್ಯಾಕ್ಟೀರಿಯಾಗೆ ದಾರಿ ಸಲೀಸು. ಗೂಡಿನೊಳಗೆ ಗೋಣಿ ಹಾಸುವವರು ಇಲ್ಲಿ ಜಾಸ್ತಿ. ಬೇಸಿಗೆಯಲ್ಲಿ ಪರವಾಗಿಲ್ಲ, ತೊಳೆದು ಹಾಕಿದರೆ ಸಂಜೆಗೆ ಒಣಗುತ್ತದೆ. ಆಟಿ ತಿಂಗಳಲ್ಲಿ, ಅಂದರೆ ಜುಲೈ ಆಗಸ್ಟಿನ ಮಳೆಯಲ್ಲಿ, ನಮ್ಮ ಬಟ್ಟೆಯೇ ಒಣಗುವುದಿಲ್ಲ, ಇನ್ನು ಮೊಲದ ಗೋಣಿ ಒಣಗುತ್ತದಾ? ಮೇಲೆ ಒಣಗಿದ ಹಾಗೆ ಕಂಡರೂ ಅಡಿಯಲ್ಲಿ ಒದ್ದೆ. ನಿಂತು ನೋಡಿದರೆ ನಮಗೆ ವಾಸನೆ ಬರುವುದಿಲ್ಲ. ನಮ್ಮ ಮೂಗು ಐದಡಿ ಮೇಲೆ ಇದೆ, ಅದರದ್ದು ನಾಲ್ಕು ಇಂಚು ಮೇಲೆ. ಮಂಡಿ ಊರಿ ಗೂಡಿನ ಬಾಗಿಲಿಗೆ ಮುಖ ಒಡ್ಡಿ ಉಸಿರೆಳೆದು ನೋಡಿ. ಕಣ್ಣು ಚುರ್ ಅಂದರೆ ಆ ಗಾಳಿಯಲ್ಲೇ ಅದು ಇಪ್ಪತ್ತನಾಲ್ಕು ಗಂಟೆ ಇದೆ ಅಂತ ಲೆಕ್ಕ.

ಇನ್ನು ಹೊಗೆ. ಬಚ್ಚಲ ಒಲೆಗೆ ಅಡಿಕೆ ಸಿಪ್ಪೆ, ಒದ್ದೆ ಸೋಗೆ ತುರುಕಿ ನೀರು ಕಾಯಿಸುವ ಮನೆ ನಮ್ಮದು. ಮಳೆಗಾಲದಲ್ಲಿ ಆ ಹೊಗೆ ಮೇಲೆ ಹೋಗದೆ ಅಂಗಳದಲ್ಲೇ ಕೂರುತ್ತದೆ. ಮೊಲಕ್ಕೆ ಬೆಚ್ಚಗಿರಲಿ ಅಂತ ಗೂಡನ್ನು ಬಚ್ಚಲಿನ ಗೋಡೆಗೆ ಒತ್ತಿ ಇಡುವುದು ಈ ಕಡೆಯ ಪದ್ಧತಿ. ಬೆಚ್ಚಗೆ ಬೇಕಾದ್ದು ನಮಗೆ. ಮೊಲಕ್ಕೆ ರೋಮದ ಕೋಟು ಉಂಟು, ಚಳಿಗಿಂತ ತೇವ ಮತ್ತು ಹೊಗೆಯೇ ಅದರ ಶತ್ರು. ರಾತ್ರಿ ಸೊಳ್ಳೆಗೆ ಹಚ್ಚುವ ಕಾಯಿಲ್, ಸಂಜೆಯ ಧೂಪ, ಊದುಬತ್ತಿ ಇವೂ ಅದರ ಮೂಗಿಗೆ ಭಾರ. ಸೊಳ್ಳೆಗೆ ಕಾಯಿಲಿನ ಬದಲು ಬಲೆ ಕಟ್ಟಿ. ಸಾ ಮಿಲ್ಲಿನಿಂದ ಮರದ ಹುಡಿ ತಂದು ಹಾಸುವುದನ್ನೂ ಬಿಟ್ಟುಬಿಡಿ. ಬೂಸರು ಬಂದ ಬೈಹುಲ್ಲು ದನವೇ ಮೂಸುವುದಿಲ್ಲ, ಅದನ್ನು ಮೊಲದ ಗೂಡಿಗೆ ಹಾಸಿದರೆ ಬೂಸರಿನ ಹುಡಿಯೆಲ್ಲ ಸೀದಾ ಮೂಗಿಗೆ. ಉಸಿರಿಗೆ ಸಂಬಂಧ ಇಲ್ಲದಿದ್ದರೂ ಇದನ್ನೂ ಹೇಳಿಬಿಡುತ್ತೇನೆ. ಕೊಳೆರೋಗಕ್ಕೆ ಅಡಿಕೆಗೆ ಮದ್ದು ಬಿಟ್ಟ ಮೇಲೆ ಆ ತೋಟದ ಹುಲ್ಲನ್ನು ಮೊಲಕ್ಕೆ ಕೊಡಬೇಡಿ. ಆ ಮದ್ದಿನ, ಅಂದರೆ ಬೋರ್ಡೋ ದ್ರಾವಣದ ಮೈಲುತುತ್ತು ಎಲೆಯ ಮೇಲೆ ನೀಲಿಯಾಗಿ ಕೂತಿರುತ್ತದೆ.

ಬೇಸಿಗೆಯ ಕಥೆ ಬೇರೆ. ಮೊಲಕ್ಕೆ ಬೆವರಿಲ್ಲ. ನಾಯಿಯ ಹಾಗೆ ನಾಲಗೆ ಹಾಕಿ ತಣಿಸಿಕೊಳ್ಳಲೂ ಬರುವುದಿಲ್ಲ. ಬಿಸಿ ಹೊರಹಾಕುವುದು ಹೆಚ್ಚಾಗಿ ಕಿವಿಯಿಂದ. 28 ಡಿಗ್ರಿ ದಾಟಿದರೆ ಅದಕ್ಕೆ ಕಷ್ಟ ಶುರು, ನಮ್ಮಲ್ಲಿ ಮಾರ್ಚಿನಿಂದ ಮೇವರೆಗೆ 33, 34 ಮಾಮೂಲು, ಜೊತೆಗೆ ತೇವ. ಉಸಿರು ಬೇಗವಾಗಿದೆ, ಕಿವಿ ಕೆಂಪಾಗಿ ನರಗಳು ಉಬ್ಬಿವೆ, ಮೈ ಚಾಚಿ ಬಿದ್ದಿದೆ, ಜೊಲ್ಲು ಬರುತ್ತಿದೆ ಅಂದರೆ ಅದು ಬಿಸಿಲಿನ ಹೊಡೆತ. ನೆರಳಿಗೆ ತಂದು, ಕಿವಿಗೆ ತಣ್ಣೀರಿನ ಬಟ್ಟೆ ಸವರಿ, ಫ್ಯಾನು ಹಾಕಿ, ಡಾಕ್ಟರಿಗೆ ಫೋನ್ ಮಾಡಿ. ಬಾವಿಯ ತಣ್ಣೀರಲ್ಲಿ ಮುಳುಗಿಸುವ ಸಾಹಸ ಬೇಡ, ಆ ಗಾಬರಿಗೇ ಪ್ರಾಣ ಹೋಗಬಹುದು. ಕುಡಿದು ಬಿಟ್ಟ ಪ್ಲಾಸ್ಟಿಕ್ ಬಾಟಲಿಯಲ್ಲಿ ನೀರು ತುಂಬಿ ಫ್ರೀಜರಿನಲ್ಲಿಟ್ಟು, ಬಟ್ಟೆ ಸುತ್ತಿ ಗೂಡಿನಲ್ಲಿಟ್ಟರೆ ಅವೇ ಬಂದು ಒರಗಿ ಮಲಗುತ್ತವೆ. ಕರೆಂಟು ಹೋದ ಮಧ್ಯಾಹ್ನಗಳಿಗೆ ಇದು ದೊಡ್ಡ ಉಪಕಾರ.

ಕೂಸಕ್ಕನ ಕೈ ನೋಡಿದ ಮೇಲೆ ಹತ್ತಿರದ ಮೃಗಾಸ್ಪತ್ರೆಗೆ ಹೋದೆವು. ದನದ ವಿಷಯದಲ್ಲಿ ಆ ಡಾಕ್ಟರನ್ನು ಮೀರಿಸುವವರಿಲ್ಲ, ನಡುರಾತ್ರಿ ಕರು ಎಳೆಯಲು ಬಂದವರು. ಅವರಿಗೆ ಕನ್ನಡ ಅಷ್ಟಕ್ಕಷ್ಟೆ, ನನ್ನ ಮಲಯಾಳವೂ ಅಷ್ಟಕ್ಕಷ್ಟೆ. ಸ್ಟೆತಸ್ಕೋಪ್ ಇಟ್ಟು ನೋಡಿ, ಮೊಲದಲ್ಲಿ ತನಗೆ ಅನುಭವ ಕಡಿಮೆ, ಮಂಗಳೂರಿಗೆ ಹೋಗಿ, ಎಕ್ಸ್‌ರೇ ಮಾಡಿಸಿ ಅಂತ ನೇರವಾಗಿ ಹೇಳಿದರು. ಗೊತ್ತಿಲ್ಲ ಅಂತ ಒಪ್ಪುವ ಡಾಕ್ಟರು ಸಿಕ್ಕಿದರೆ ನಮ್ಮ ಅದೃಷ್ಟ. ಬರಿಗೈಯಲ್ಲಿ ಕಳಿಸಬಾರದು ಅಂತ ಏನೋ ಒಂದು ಮಾತ್ರೆ ಬರೆದುಕೊಡುವವರಿಂದಲೇ ಮೊಲಕ್ಕೆ ಅಪಾಯ ಜಾಸ್ತಿ.

ಯಾಕೆ ಅಂತ ಹೇಳುತ್ತೇನೆ. ಮಕ್ಕಳಿಗೆ ಶೀತ ಕೆಮ್ಮಲಿಗೆ ತಂದಿಟ್ಟ ಆಂಟಿಬಯಾಟಿಕ್ ಸಿರಪ್ಪು ಎಲ್ಲರ ಮನೆಯ ಫ್ರಿಜ್ಜಿನಲ್ಲೂ ಇರುತ್ತದೆ. ಸ್ವಲ್ಪ ಮೊಲಕ್ಕೂ ಕೊಡುವ ಅನ್ನಿಸುವುದು ಸಹಜ. ಅಮೋಕ್ಸಿಸಿಲಿನ್, ಆಂಪಿಸಿಲಿನ್, ಕ್ಲಿಂಡಾಮೈಸಿನ್, ಲಿಂಕೋಮೈಸಿನ್ ಇಂಥವನ್ನು ಬಾಯಿಗೆ ಹಾಕಿದರೆ ಮೊಲದ ಹೊಟ್ಟೆಯಲ್ಲಿ ಹುಲ್ಲು ಜೀರ್ಣ ಮಾಡುವ ಒಳ್ಳೆಯ ಬ್ಯಾಕ್ಟೀರಿಯಾ ಸಾಯುತ್ತವೆ. ಆ ಜಾಗದಲ್ಲಿ ವಿಷ ಬಿಡುವ ಕ್ಲಾಸ್ಟ್ರಿಡಿಯಂ ಬೆಳೆಯುತ್ತದೆ. ಭೇದಿ ಶುರುವಾಗಿ ಕೆಲವೇ ದಿನದಲ್ಲಿ ಸತ್ತುಹೋಗುತ್ತದೆ. ಶೀತ ವಾಸಿಯಾಗುವ ಮೊದಲೇ ಮೊಲ ಇರುವುದಿಲ್ಲ. ಮೊಲಕ್ಕೆ ಆಗಿಬರುವ ಆಂಟಿಬಯಾಟಿಕ್ ಬೇರೆ ಇವೆ, ಎನ್ರೊಫ್ಲಾಕ್ಸಸಿನ್ ಥರದ್ದು. ಎಷ್ಟು, ಎಷ್ಟು ದಿನ ಅನ್ನುವುದನ್ನು ತೂಕ ನೋಡಿ ಡಾಕ್ಟರೇ ಹೇಳಬೇಕು. ನಾಯಿಯ ಉಣ್ಣಿಗೆ ಹಾಕುವ ಫಿಪ್ರೊನಿಲ್ ಸ್ಪ್ರೇಯೂ ಮೊಲಕ್ಕೆ ವಿಷವೇ.

ನಮ್ಮ ಜಿಲ್ಲೆಯ ಉತ್ತರದವರಿಗೆ ದೊಡ್ಡ ಆಸ್ಪತ್ರೆ ಅಂದರೆ ಮಂಗಳೂರು, ಮನುಷ್ಯರಿಗೂ ಪ್ರಾಣಿಗಳಿಗೂ. ಪಶುವೈದ್ಯ ವಿಶ್ವವಿದ್ಯಾಲಯ ವಯನಾಡಿನ ಪೂಕೋಡಿನಲ್ಲಿದೆ, ಉಬ್ಬಸ ಬಂದ ಮೊಲವನ್ನು ಹಿಡಿದುಕೊಂಡು ಆ ಘಾಟಿ ಹತ್ತಲು ಆಗುತ್ತದಾ? 2020ರ ಮಾರ್ಚಿನಲ್ಲಿ ಕೊರೊನಾ ಅಂತ ತಲಪಾಡಿಯಲ್ಲಿ ಗಡಿ ಮುಚ್ಚಿದಾಗ ಮಂಗಳೂರನ್ನು ನಂಬಿದ್ದ ಇಲ್ಲಿಯ ರೋಗಿಗಳು ಪಟ್ಟ ಪಾಡು ಎಲ್ಲರಿಗೂ ನೆನಪಿದೆ. ಆಗ ಮೊಲದ ಮಾತು ಎತ್ತಿದರೆ ಯಾರಾದರೂ ಹೊಡೆಯುತ್ತಿದ್ದರು.

ಮೊದಲ ಸಲ ಮಂಗಳೂರಿನ ಡಾಕ್ಟರು ಮೂಗಿನ ಸೋಂಕು ಅಂತ ಮದ್ದು ಕೊಟ್ಟರು, ಗೂಡಿನ ಜಾಗ ಬದಲಿಸಲು ಹೇಳಿದರು. ಕಮ್ಮಿಯಾಯಿತು. ಮುಂದಿನ ಆಟಿಯಲ್ಲಿ, ಎಡೆಬಿಡದೆ ಮಳೆ ಹೊಯ್ಯುತ್ತಿದ್ದ ವಾರ, ಒಂದು ಬೆಳಿಗ್ಗೆ ಕೂಸಕ್ಕ ಗರಿಕೆಯನ್ನು ಬಾಯಲ್ಲಿ ಕಚ್ಚಿಕೊಂಡು ಜಗಿಯದೆ ಕೂತಿದ್ದಳು. ಸೀನಿಲ್ಲ, ಸದ್ದಿಲ್ಲ. ಹಿಂದಿನ ರಾತ್ರಿ ಹಾಕಿದ ಹುಲ್ಲು ಹಾಗೇ ಇತ್ತು, ಹಿಕ್ಕೆ ಇಲ್ಲ. ಎಣಿಸಿದರೆ 90ಕ್ಕೂ ಮೇಲೆ. ಕ್ಯಾಲೆಂಡರಿನಲ್ಲಿ ಅವಳದ್ದು 40 ಇತ್ತಲ್ಲ, ಹಾಗಾಗಿ ಇನ್ನೊಮ್ಮೆ ಯೋಚಿಸಲಿಲ್ಲ.

ಗಾಡಿಯಲ್ಲಿ ಕೊಂಡುಹೋಗುವ ರೀತಿ ಮುಖ್ಯ. ಮಡಿಲಲ್ಲಿ ಎತ್ತಿಕೊಂಡು ಎದೆಗೊತ್ತಿ ಮುದ್ದು ಮಾಡುತ್ತಾ ಹೋಗಬಾರದು. ಹೊಟ್ಟೆ ಮೇಲಾಗಿ ಅಂಗಾತ ಹಿಡಿಯುವುದಂತೂ ಬೇಡವೇ ಬೇಡ. ಹೊಟ್ಟೆಯ ಭಾರ ಎದೆಯ ಮೇಲೆ ಬಿದ್ದು ಇದ್ದ ಉಸಿರೂ ನಿಲ್ಲಬಹುದು. ಬಾಯಿಗೆ ನೀರು ಹಾಕಬಾರದು, ಶ್ವಾಸನಾಳಕ್ಕೆ ಇಳಿಯುತ್ತದೆ. ನಾಲ್ಕು ಕಡೆ ಗಾಳಿಯಾಡುವ ಬುಟ್ಟಿ, ಅಡಿಯಲ್ಲಿ ಜಾರದ ಹಾಗೆ ಒಂದು ಟವೆಲ್. ಅದು ಹೇಗೆ ಕೂರಬೇಕೆಂದು ಬಯಸುತ್ತದೋ ಹಾಗೆ ಬಿಡಬೇಕು. ರೇಡಿಯೋ ಬಂದ್, ಮಾತು ಕಡಿಮೆ. ಹೆದ್ದಾರಿ ಅಗಲ ಮಾಡುವ ಕೆಲಸದಿಂದ ಉಪ್ಪಳದ ಹತ್ತಿರ ಗಾಡಿಗಳು ಸಾಲುಗಟ್ಟಿ ನಿಂತಿದ್ದವು. ಮಗಳು ಹಿಂದಿನ ಸೀಟಿನಲ್ಲಿ ಕೂತು ಎಣಿಸುತ್ತಲೇ ಇದ್ದಳು, "ಅಮ್ಮ, ಈಗ ತಲೆಯೂ ಆಡ್ತಾ ಉಂಟು" ಅಂತ ಒಮ್ಮೆ ಹೇಳಿದಳು. ನನ್ನ ಗಂಡ ಹಾರ್ನ್ ಕೂಡ ಹಾಕಲಿಲ್ಲ.

ಆಸ್ಪತ್ರೆಯಲ್ಲಿ ಡಾಕ್ಟರು ಅವಳನ್ನು ಮುಟ್ಟಲೇ ಇಲ್ಲ. ಮೊದಲು ಆಮ್ಲಜನಕದ ಪೆಟ್ಟಿಗೆಯೊಳಗೆ ಬುಟ್ಟಿ ಸಮೇತ ಇಟ್ಟರು. "ಇದು ಸ್ವಲ್ಪ ಸುಧಾರಿಸಲಿ ಅಮ್ಮ, ಆಮೇಲೆ ನೋಡುವ. ಈಗ ಹಿಡಿದರೆ ನಮ್ಮ ಕೈಯಲ್ಲೇ ಹೋಗ್ತದೆ" ಅಂದರು. ಮೊಲದ ಡಾಕ್ಟರನ್ನು ಪರೀಕ್ಷಿಸುವ ಒಂದು ದಾರಿ ಇದು ಅಂತ ನನಗೆ ಈಗ ಅನ್ನಿಸುತ್ತದೆ. ಏದುಸಿರು ಬಿಡುವ ಮೊಲವನ್ನು ಕಂಡ ಕೂಡಲೇ ಮೇಜಿನ ಮೇಲೆ ಒತ್ತಿಹಿಡಿದು ಸೂಜಿ ಚುಚ್ಚಲು ಹೊರಟರೆ ಅವರಿಗೆ ಮೊಲ ಗೊತ್ತಿಲ್ಲ.

ಆಮೇಲೆ ಎಕ್ಸ್‌ರೇ. ಶ್ವಾಸಕೋಶ ಗಾಳಿ ತುಂಬಿದ್ದರೆ ಎಕ್ಸ್‌ರೇಯಲ್ಲಿ ಕಪ್ಪಗೆ ಕಾಣಬೇಕು. ಬಲಗಡೆ ಕೆಳಗೆ ಒಂದು ಭಾಗ ಹಾಲು ಚೆಲ್ಲಿದ ಹಾಗೆ ಬೆಳ್ಳಗಿತ್ತು. ನ್ಯುಮೋನಿಯಾ. ಆ ಇಡೀ ಎದೆಯ ಚಿತ್ರ ನನ್ನ ಅಂಗೈಯೊಳಗೆ ಹಿಡಿಸುವಷ್ಟು ಚಿಕ್ಕದು, ಅದರ ಕೆಳಗೆ ಹೊಟ್ಟೆ ಅದರ ಎರಡು ಮೂರು ಪಟ್ಟು. ಎದೆಯಲ್ಲಿ ಗೆಡ್ಡೆ ಇದ್ದರೂ ಹೀಗೇ ಉಸಿರು ಕಟ್ಟುತ್ತದಂತೆ. ವಯಸ್ಸಾದ ಮೊಲಗಳಲ್ಲಿ ಥೈಮೋಮ ಅಂತ ಒಂದು ಬರುತ್ತದೆ. ಆಗ ತಲೆ ಬಗ್ಗಿಸಿದರೆ ಎರಡೂ ಕಣ್ಣು ಮುಂದಕ್ಕೆ ಉಬ್ಬಿ ಬರುತ್ತವೆ. ಹೃದಯದ ತೊಂದರೆಯಿಂದ ನೀರು ತುಂಬಿದರೂ ಏದುಸಿರು. ಹಾಗಾಗಿ ಬೇಗ ಉಸಿರಾಡಿದ್ದಕ್ಕೆಲ್ಲ ಒಂದೇ ಮದ್ದು ಅನ್ನುವ ಹಾಗಿಲ್ಲ, ಎಕ್ಸ್‌ರೇ ಬೇಕೇ ಬೇಕು.

ಅವಳು ಉಳಿದಳು. ಆಂಟಿಬಯಾಟಿಕ್ ವಾರಗಟ್ಟಲೆ ನಡೆಯಿತು. ಮನೆಯಲ್ಲಿ ಮಾವನ ದಮ್ಮಿಗೆ ತಂದಿದ್ದ ನೆಬ್ಯುಲೈಸರ್ ಇತ್ತು. ಡಾಕ್ಟರು ಹೇಳಿದಂತೆ ಬುಟ್ಟಿಗೆ ಬಟ್ಟೆ ಮುಚ್ಚಿ ಸಲೈನಿನ ಆವಿ ಕೊಡುತ್ತಿದ್ದೆವು. ಮಾವನಿಗೆ ಇದರಲ್ಲಿ ಒಂದು ಹೆಮ್ಮೆ. ಬಂದವರ ಹತ್ತಿರ "ನನಗೂ ಕೂಸಕ್ಕನಿಗೂ ಒಂದೇ ಕಾಯಿಲೆ, ಒಂದೇ ಮೆಷಿನ್" ಅನ್ನುತ್ತಾರೆ. ಒಂದೇ ಕಾಯಿಲೆ ಅಲ್ಲ ಅಂತ ಹೇಳಿ ಹೇಳಿ ಸಾಕಾಗಿದೆ. ಮಾಸ್ಕ್ ಮಾತ್ರ ಅವರದ್ದು ಬೇರೆ, ಅದನ್ನು ಅತ್ತೆ ಕಟ್ಟುನಿಟ್ಟಾಗಿ ನೋಡಿಕೊಳ್ಳುತ್ತಾರೆ. ಕೂಸಕ್ಕನ ಮೂಗು ಈಗಲೂ ಮಳೆಗಾಲದಲ್ಲಿ ಸ್ವಲ್ಪ ಗೊರ ಗೊರ ಅನ್ನುತ್ತದೆ. ತಿನ್ನುತ್ತಾಳೆ, ಓಡುತ್ತಾಳೆ, ಅಡ್ಡ ಬಿದ್ದು ಮಲಗುತ್ತಾಳೆ. ಗೂಡು ಬಚ್ಚಲಿಂದ ದೂರ, ಚಾವಡಿಯ ಗಾಳಿಯಾಡುವ ಮೂಲೆಗೆ ಬಂದಿದೆ. ಗೋಣಿಯ ಬದಲು ತೆಗೆದು ತೊಳೆಯುವ ತಟ್ಟೆ. ದಿನಕ್ಕೊಂದು ಸಲ ಪೇಪರ್ ಬದಲಿಸುವ ಕೆಲಸ ಮಗಳದ್ದು, ಪರೀಕ್ಷೆಯ ದಿನಗಳಲ್ಲಿ ನನ್ನದು.

ಮೇಲಿನ ಮನೆಯ ಭಾವ ಮೊನ್ನೆ ಎರಡು ಮೊಲ ತಂದರು. "ಎಂತ ಅತ್ತಿಗೆ, ಇದು ಯಾವಾಗಲೂ ಹೊಟ್ಟೆ ಕುಣಿಸ್ತಾ ಇರ್ತದೆ, ಹುಷಾರಿಲ್ವಾ?" ಅಂತ ಫೋನ್ ಮಾಡಿದರು. ಹೋಗಿ ನೋಡಿದರೆ ಅವು ಈಗಷ್ಟೇ ಅಂಗಳವಿಡೀ ಓಡಿ ಬಂದು ಕೂತಿದ್ದವು. ಅರ್ಧ ಗಂಟೆ ಬಿಟ್ಟು ಎಣಿಸಿ ಅಂದೆ. 48 ಬಂತು. ಆದರೆ ಗೂಡು ಇಟ್ಟಿರುವುದು ಅಡಿಕೆ ಸುಲಿಯುವ ಕೊಟ್ಟಿಗೆಯಲ್ಲಿ, ಸಿಪ್ಪೆಯ ಹುಡಿ ಬಲೆಯ ಮೇಲೆ ದಪ್ಪಗೆ ಕೂತಿದೆ. ಅದನ್ನು ಹೇಳಿ ಬಂದಿದ್ದೇನೆ. ಸುಲಿಯುವ ಕೆಲಸ ಮುಗಿಯಲಿ, ಆಮೇಲೆ ಬದಲಿಸ್ತೇನೆ ಅಂದಿದ್ದಾರೆ. ಸುಲಿಯುವ ಕೆಲಸ ನಮ್ಮ ಊರಲ್ಲಿ ಯಾವಾಗ ಮುಗಿಯುತ್ತದೋ ದೇವರಿಗೇ ಗೊತ್ತು. ನಾಡಿದ್ದು ಮತ್ತೊಮ್ಮೆ ಹೋಗಬೇಕು.

ಪುಟ್ಟಣ್ಣನ ಎಡಗಣ್ಣು ಈಚೆಗೆ ಒದ್ದೆಯಾಗುತ್ತಿದೆ, ಬಲಗಣ್ಣು ಸರಿಯಾಗಿದೆ. ಒಂದೇ ಕಡೆ ಆಗುತ್ತಿರುವುದರಿಂದ ಸೋಂಕಿಗಿಂತ ಹಲ್ಲಿನ ಮೇಲೆ ಸಂಶಯ ಜಾಸ್ತಿ ಅಂತ ಡಾಕ್ಟರು ಫೋನಿನಲ್ಲಿ ಹೇಳಿದರು. ಮೊಲದ ಹಲ್ಲು ಸಾಯುವವರೆಗೂ ಬೆಳೆಯುತ್ತಲೇ ಇರುತ್ತದೆ. ಹುಲ್ಲು ಜಗಿದು ಸವೆಯದಿದ್ದರೆ ಬೇರು ಮೇಲಕ್ಕೆ ಒತ್ತಿ, ಪಕ್ಕದಲ್ಲೇ ಇರುವ ಕಣ್ಣೀರಿನ ನಾಳವನ್ನು ಮುಚ್ಚುತ್ತದೆ. ಅಲ್ಲಿಂದ ಮೂಗಿಗೂ ತೊಂದರೆ. ಅವನು ಮೊದಲಿಂದಲೂ ಹುಲ್ಲು ಬಿಟ್ಟು ಅಂಗಡಿಯ ಪೆಲೆಟ್ಟಿಗೆ, ಅಂದರೆ ಗುಳಿಗೆಯಂಥ ಒಣ ತಿಂಡಿಗೆ, ಬಾಯಿ ಬಿಡುವವನು. ಮುಂದಿನ ಶನಿವಾರ ತಲೆಯ ಎಕ್ಸ್‌ರೇಗೆ ಸಮಯ ಕೊಟ್ಟಿದ್ದಾರೆ. ಉಸಿರು ಸದ್ಯ ನಿನ್ನೆ ರಾತ್ರಿ 36.